ದೊಡ್ಡ ಕುರ್ಚಿಯಿಂದ ಎದ್ದು ಓಡಿದ ಮಂಗಳವಾರ

ನನ್ನ ಹೊಟ್ಟೆಯೊಳಗೆ ಬದನೆಕಾಯಿ ಇರುವುದನ್ನು ಮೊದಲು ಕಂಡವನು ಕ್ಷೌರದಂಗಡಿಯ ಮುದ್ದಯ್ಯ. ಮಂಗಳವಾರ ಅವನ ಅಂಗಡಿಗೆ ರಜೆ. ಹಾಗಾಗಿ ಆ ದಿನ ಮಧ್ಯಾಹ್ನ ಮೂರು ಗಂಟೆಗೆ, ನಮ್ಮೂರಿನವರ ಚರ್ಮವೆಲ್ಲ ಗಾಜಾಗುವ ಹೊತ್ತಿಗೆ, ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಹೋಗಿಬರುವವರ ಒಳಗನ್ನು ನೋಡುವುದೇ ಅವನಿಗೆ ಕೆಲಸ. ನಾನು ಛತ್ರದ ಅಡುಗೆ ಮುಗಿಸಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಬರಿ ಮೈಯಲ್ಲಿ ಮನೆಗೆ ಹೋಗುತ್ತಿದ್ದೆ.

"ರಾಚಪ್ಪಣ್ಣ, ನಿಂತ್ಕೋ ನಿಂತ್ಕೋ! ಬೆನ್ಮೂಳೆ ಮುಂದ್ಕೆ ಬದನೆಕಾಯಿ ಥರ ಏನೋ ಐತಲ್ಲಣ್ಣೋ!"

"ಇರುತ್ತೆ ಕಣೋ. ಬೆಳಗ್ಗೆ ಎಣ್ಣೆಗಾಯಿ ತಿಂದಿದೀನಿ" ಎಂದೆ.

"ತಿಂದಿದ್ದು ಹೊಟ್ಟೇಲಿರ್ಬೇಕು. ಇದು ದೊಡ್ಡ ನರದಾಗೇ ಐತೆ. ಮ್ಯಾಗೆ ಬಡ್ಕೋತಾ ಬೇರೆ ಐತೆ!"

ನಾನು ಬಗ್ಗಿ ನೋಡಿಕೊಂಡೆ. ನನ್ನ ಹೊಟ್ಟೆಯ ಗಾತ್ರಕ್ಕೆ ನನಗೆ ಕಂಡದ್ದು ಬೆಣ್ಣೆಯಂಥ ಕೊಬ್ಬು ಮಾತ್ರ. ಮುದ್ದಯ್ಯ ಒಳಗಿನಿಂದ ತನ್ನ ಕ್ಷೌರದ ಕನ್ನಡಿ ತಂದು ಹಿಡಿದ. ಕರುಳಿನ ಸಂದಿಯಲ್ಲಿ ನಿಜಕ್ಕೂ ಒಂದು ಗುಂಡು ಬದನೆಕಾಯಿ ನನ್ನ ಎದೆಬಡಿತಕ್ಕೆ ಸರಿಯಾಗಿ ಉಬ್ಬಿ ಇಳಿಯುತ್ತಿತ್ತು. ಅಷ್ಟರಲ್ಲಿ ಮೂರೂಕಾಲು ಆಯಿತು, ಚರ್ಮ ಮೊದಲಿನ ಹಾಗೆ ಕಪ್ಪಗಾಯಿತು, ಬದನೆಕಾಯಿ ಮರೆಯಾಯಿತು.

ಇದಕ್ಕೆ ನಾವು ತಿಳಿಹೊತ್ತು ಎನ್ನುತ್ತೇವೆ. ವಾರಕ್ಕೊಮ್ಮೆ ಕಾಲು ಗಂಟೆ. ಬಟ್ಟೆ ಗಾಜಾಗುವುದಿಲ್ಲ, ಸದ್ಯ. ಗಂಡಸರು ಮೇಲುಮೈ ಬಿಟ್ಟುಕೊಂಡು ಓಡಾಡುವುದು ರೂಢಿ. ಆ ಹೊತ್ತಿನಲ್ಲಿ ಅಂಗಿ ತೊಟ್ಟವನು ಏನನ್ನೋ ಬಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಹೆಂಗಸರು ಸೆರಗು ಹೊದ್ದುಕೊಳ್ಳುತ್ತಾರೆ. ಮುಖದ ಚರ್ಮ ಹೋದರೂ ಹಲ್ಲು ನೋಡಿ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತೇವೆ. ಕುತ್ತಿಗೆಯ ರಕ್ತನಾಳ ಕುಣಿಯುವುದು ಎದುರಿನವರಿಗೆ ಚೆನ್ನಾಗಿ ಕಾಣುವುದರಿಂದ, ಸುಳ್ಳು ಹೇಳಬೇಕಾದವರು ಮತ್ತು ಪ್ರೀತಿಯಲ್ಲಿ ಬಿದ್ದವರು ಮಫ್ಲರು ಸುತ್ತಿಕೊಳ್ಳುತ್ತಾರೆ. ಮಧ್ಯಾಹ್ನದ ಬಸ್ಸು ಊರ ಹೊರಗಿನ ಹುಣಸೆಮರದಡಿ ನಿಂತು ಮೂರೂ ಇಪ್ಪತ್ತಕ್ಕೆ ಒಳಗೆ ಬರುತ್ತದೆ. ಹೊಸ ಡ್ರೈವರೊಬ್ಬ ಸ್ಟೀರಿಂಗಿನ ಮೇಲೆ ತನ್ನ ಬೆರಳಿನ ಮೂಳೆ ನೋಡಿ ಬಸ್ಸನ್ನು ಕಬ್ಬಿನ ಗದ್ದೆಗೆ ಇಳಿಸಿದ ಮೇಲೆ ಬಂದ ನಿಯಮ ಅದು.

ಸಂಜೆಯ ಬಸ್ಸಿಗೆ ನನ್ನನ್ನು ನಗರದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಮಹಾಧಮನಿ ಊದಿಕೊಂಡಿದೆ, ಹೀಗೇ ಬಿಟ್ಟರೆ ಒಡೆಯುತ್ತದೆ, ಒಡೆದರೆ ಉಳಿಯುವುದು ಕಷ್ಟ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೋವಿಲ್ಲ, ಏನಿಲ್ಲ. ನಿಮಗೆ ಇದು ಗೊತ್ತಾಗಿದ್ದು ಹೇಗೆ?"

"ನಮ್ಮ ಮುದ್ದಯ್ಯ ನೋಡಿದ."

"ಅವರು ಸ್ಕ್ಯಾನಿಂಗ್ ಡಾಕ್ಟರಾ?"

"ಕಟಿಂಗ್ ಶಾಪು ಸಾರ್."

ಹೊಟ್ಟೆ ಕೊಯ್ಯಲಿಲ್ಲ. ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ಮಡಿಸಿದ ಕೊಳವೆಯೊಂದನ್ನು ಅಲ್ಲಿಂದ ಒಳಗೆ ತೂರಿಸಿ, ಊದಿದ ಜಾಗದಲ್ಲಿ ಬಿಡಿಸಿ ಕೂರಿಸಿದರು. ಇನ್ನು ರಕ್ತ ಕೊಳವೆಯೊಳಗೆ ಹರಿಯುತ್ತದೆ, ಬದನೆಕಾಯಿ ತನ್ನ ಪಾಡಿಗೆ ತಾನು ಇರುತ್ತದೆ. ಮನೆಗೆ ಕಳಿಸುವಾಗ ಡಾಕ್ಟರು ಮೂರು ಮಾತು ಹೇಳಿದರು. ಒಂದೂವರೆ ತಿಂಗಳು ಭಾರ ಎತ್ತಬೇಡಿ, ದಿನಾ ನಡೆಯಿರಿ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷವರ್ಷ ಸ್ಕ್ಯಾನ್‌ಗೆ ಬನ್ನಿ. ಈ ಮೂರರಲ್ಲಿ ನಡುವಿನ ಮಾತು ನಮ್ಮೂರಿನ ಗಡಿ ದಾಟಿ ಒಳಗೆ ಬರಲೇ ಇಲ್ಲ.

ಏಕೆಂದರೆ ಬಸ್ ನಿಲ್ದಾಣದಲ್ಲಿ ದೊಡ್ಡ ಕುರ್ಚಿ ಕಾಯುತ್ತಿತ್ತು. ಬೀಟೆಮರದ್ದು, ಕೈಗಳ ತುದಿಗೆ ಸಿಂಹದ ಮುಖ, ಹೊರುವುದಕ್ಕೆ ಅಡಿಯಲ್ಲಿ ಎರಡು ಬಿದಿರಿನ ಬೊಂಬು. ಬೇರೆ ಊರಲ್ಲಿ ಒಳಗಿನ ಊತ ಯಾರಿಗೂ ಕಾಣುವುದಿಲ್ಲ, ಜನ ಸುಮ್ಮನೆ ಒಂದು ದಿನ ಬಿದ್ದುಹೋಗುತ್ತಾರೆ. ನಮ್ಮಲ್ಲಿ ಕಾಣುತ್ತದೆ. ಹಾಗಾಗಿ ಕೊಳವೆ ಹಾಕಿಸಿಕೊಂಡು ಬಂದವರಲ್ಲಿ ನಾನು ನಲವತ್ತೆರಡನೆಯವನು. ಬಂದವರನ್ನು ಒಂದು ವರ್ಷ ಈ ಕುರ್ಚಿಯಲ್ಲಿ, ಇಬ್ಬರಿದ್ದರೆ ಸರದಿಯ ಮೇಲೆ, ಕೂರಿಸಿ ಹೊತ್ತು ತಿರುಗುವುದು ನಮ್ಮ ಪದ್ಧತಿ. ಓಡಾಡಿದರೆ ಕೊಳವೆ ಜಾರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆ ಬಿಟ್ಟರೆ ಕಾಲು ನೆಲಕ್ಕೆ ತಾಗುವಂತಿಲ್ಲ. ದಿನಕ್ಕೊಂದು ಮನೆಯಿಂದ ಊಟ, ಊಟವೆಂದರೆ ತುಪ್ಪ, ಖೋವಾ, ಒಬ್ಬಟ್ಟು, ಮೇಲೊಂದು ಲೋಟ ಕೆನೆಹಾಲು. ಈ ಕುರ್ಚಿ ವರ್ಷದ ಊಟದ ಪಟ್ಟಿಯನ್ನು ಬರೆದವನು ಯಾರು ಎಂದು ಕೇಳಿದಿರಾ? ನಾನೇ. ಊರಿನ ಮದುವೆ ಅಡುಗೆಯವನು ನಾನು. ಇಪ್ಪತ್ತು ವರ್ಷ ಕುರ್ಚಿಯವರಿಗೆಲ್ಲ ಖೋವಾ ಕಾಯಿಸಿ ಕಳಿಸಿದ್ದೇನೆ.

ಆಹಾ, ಆ ಐದು ತಿಂಗಳು! ಅರವತ್ತಮೂರರ ತನಕ ಒಲೆಯ ಮುಂದೆ ಬೆವೆತವನನ್ನು ನಾಲ್ಕು ಜನ ಹೊತ್ತುಕೊಂಡು ಮಾರುಕಟ್ಟೆ ಚೌಕಕ್ಕೆ ಒಯ್ಯುತ್ತಿದ್ದರು. ಮುಂದಿನ ಬೊಂಬಿಗೆ ಮುದ್ದಯ್ಯನೇ ಮುಖ್ಯಸ್ಥ. ತಿಳಿಹೊತ್ತಿಗೆ ಜನ ಸಾಲುಗಟ್ಟಿ ನಿಂತು ನನ್ನ ಕೊಳವೆ ನೋಡುತ್ತಿದ್ದರು. ಅದು ಸೀರೆಯ ಜರಿಯ ಹಾಗೆ ಮಿನುಗುತ್ತಿತ್ತು. "ಜರುಗಿಲ್ಲ ಕಣ್ರಪ್ಪೋ, ಇದ್ದಲ್ಲೇ ಐತೆ!" ಎಂದು ಮುದ್ದಯ್ಯ ಸಾರುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನು ಏನೋ ಸಾಧಿಸಿದವನಂತೆ ಕೈ ಎತ್ತಿ ಮುಗಿಯುತ್ತಿದ್ದೆ. ತೂಕ ಆರು ಕೆಜಿ ಏರಿತ್ತು. ಇಷ್ಟು ಸುಖ ಇದೆ ಎಂದು ಗೊತ್ತಿದ್ದರೆ ಬದನೆಕಾಯಿಯನ್ನು ಮೊದಲೇ ಬೆಳೆಸುತ್ತಿದ್ದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ.

ಆ ಸಾಲಿನಲ್ಲಿ ಒಬ್ಬರು ಮಾತ್ರ ಮುಂದಿನಿಂದ ನೋಡುತ್ತಿರಲಿಲ್ಲ. ಸರ್ವಮಂಗಳ ಟೀಚರ್. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಮಂಗಳವಾರ ಬಂತೆಂದರೆ ಬಿರುಬೇಸಿಗೆಯಲ್ಲೂ ಕುತ್ತಿಗೆಗೆ ಬೂದುಬಣ್ಣದ ಮಫ್ಲರು, ಕೈಯಲ್ಲಿ ಪೆನ್ಸಿಲು ಮತ್ತು ಉದ್ದನೆಯ ಪುಸ್ತಕ. ನಲವತ್ತು ವರ್ಷದಿಂದ ಊರಿನವರ ಒಳಗಿನ ಚಿತ್ರ ಬರೆದಿಡುವುದು ಅವರ ಹವ್ಯಾಸ. "ಸ್ವಲ್ಪ ಬೆನ್ನು ತಿರುಗಿಸಿ ರಾಚಪ್ಪನೋರೇ" ಎನ್ನುತ್ತಿದ್ದರು. ನಾನು ಕುರ್ಚಿಯಲ್ಲೇ ಓರೆಯಾಗುತ್ತಿದ್ದೆ. ಪೆನ್ಸಿಲಿನ ಸರಸರ ಸದ್ದು ಬೆನ್ನಿಗೆ ಬೀಳುತ್ತಿತ್ತು. ಜೀವಮಾನದಲ್ಲಿ ನನ್ನ ಸಾರು ಹೊಗಳಿದವರು ಸಾವಿರ ಜನ, ನನ್ನ ಬೆನ್ನನ್ನು ಅಷ್ಟು ಹೊತ್ತು ನೋಡಿದವರು ಇಲ್ಲ. ಮೂರನೆಯ ಮಂಗಳವಾರಕ್ಕೆ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಇಪ್ಪತ್ತನೆಯ ಮಂಗಳವಾರಕ್ಕೆ ತಡೆಯಲಾಗಲಿಲ್ಲ.

"ಟೀಚರೇ, ಎರಡು ಸಾವಿರ ಮದುವೆಗೆ ಅಡುಗೆ ಮಾಡಿದೀನಿ. ಒಂದರಲ್ಲೂ ಬಾಸಿಂಗ ಕಟ್ಕೊಂಡಿಲ್ಲ. ನೀವು ಹ್ಞೂಂ ಅಂದ್ರೆ ಕಟ್ಕೋತೀನಿ."

ಪೆನ್ಸಿಲಿನ ಮುಳ್ಳು ಪಟ್ಟೆಂದು ಮುರಿಯಿತು. "ಮಂಗಳವಾರ ಮದುವೆ ಮಾತಾಡ್ತಾರೇನ್ರೀ?"

"ಬೇರೆ ವಾರ ನೀವು ಬರಲ್ವಲ್ಲ."

ಅವರು ಕೂಡಲೇ ಇಲ್ಲ ಎನ್ನಲಿಲ್ಲ. ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡರು. "ನನಗೆ ಹತ್ತು ವರ್ಷ ಬೇಕು. ಹತ್ತು ವರ್ಷ ಇರ್ತೀನಿ ಅನ್ನೋದು ನನಗೆ ನಂಬಿಕೆ ಆದ್ರೆ ಯೋಚನೆ ಮಾಡ್ತೀನಿ. ಮೂರು ವರ್ಷಕ್ಕೆ ಕೈ ಬಿಟ್ಟು ಹೋಗೋ ಗಂಡ ಒಬ್ಬ ಸಾಕಾಗಿದ್ದಾನೆ ನನಗೆ."

"ಹತ್ತೇನು, ಇಪ್ಪತ್ತು ಇರ್ತೀನಿ! ಕೊಳವೆ ನೋಡಿ, ಹೆಂಗೆ ಹೊಳೀತಿದೆ!"

"ಕೊಳವೆ ಚೆನ್ನಾಗೇ ಇದೆ. ಕೊಳವೆ ಜೊತೆ ಸಂಸಾರ ಮಾಡಕ್ಕಾಗುತ್ತಾ?" ಎಂದು ಪುಸ್ತಕ ಮುಚ್ಚಿ ಹೊರಟೇಹೋದರು. ಆ ರಾತ್ರಿಯ ಒಬ್ಬಟ್ಟು ನನಗೆ ರುಚಿಸಲಿಲ್ಲ. ಎರಡೇ ತಿಂದೆ.

ಮರುದಿನ ಬೆಳಗ್ಗೆ ಅವರೇ ನನ್ನ ಮನೆಗೆ ಬಂದರು, ಕಂಕುಳಲ್ಲಿ ಪುಸ್ತಕಗಳ ಕಟ್ಟು. ಮಾತಿಲ್ಲದೆ ಒಂದನ್ನು ನನ್ನ ತೊಡೆಯ ಮೇಲೆ ಬಿಚ್ಚಿಟ್ಟರು. ಅದು ಅವರ ಗಂಡ ಗುರುಮಲ್ಲಪ್ಪನದು. ಗುರುಮಲ್ಲಪ್ಪ ಪೋಸ್ಟ್‌ಮ್ಯಾನ್ ಆಗಿದ್ದವನು, ದಿನಕ್ಕೆ ಎಂಟು ಮೈಲಿ ನಡೆದು ಕಾಗದ ಹಂಚುತ್ತಿದ್ದ. ಮೊದಲ ಪುಟದಲ್ಲಿ ಅವನ ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಎರಡು ದಪ್ಪ ಮಾಂಸದ ಕಂಬಗಳಿದ್ದವು, ಬಾಳೆದಿಂಡಿನ ಹಾಗೆ. ಕೊಳವೆ ಹಾಕಿಸಿಕೊಂಡು ಬಂದ ವಾರದ ಚಿತ್ರ ಅದು. ಟೀಚರ್ ಪುಟ ತಿರುಗಿಸುತ್ತಾ ಹೋದರು. ವಾರಕ್ಕೊಂದು ಚಿತ್ರ, ಐವತ್ತೆರಡು ಚಿತ್ರ. ಹೊಟ್ಟೆಯ ಬಿಳಿ ಹೆಚ್ಚುತ್ತಾ ಹೋಗಿತ್ತು. ಕಂಬಗಳು ತೆಳ್ಳಗಾಗುತ್ತಾ ಹೋಗಿ ಕೊನೆಯ ಪುಟದಲ್ಲಿ ಎರಡು ಊದುಬತ್ತಿ ಉಳಿದಿದ್ದವು. ಕೊಳವೆ ಮಾತ್ರ ಐವತ್ತೆರಡು ಪುಟದಲ್ಲೂ ಒಂದೇ ಜಾಗದಲ್ಲಿ ಹೊಳೆಯುತ್ತಿತ್ತು.

"ಕುರ್ಚಿಯಿಂದ ಇಳಿದ ಮೇಲೆ ಅವರಿಗೆ ನಿಲ್ಲಕ್ಕೇ ಆಗ್ತಿರಲಿಲ್ಲ" ಎಂದರು. "ಒಂದು ನೆಗಡಿ ಬಂತು. ನೆಗಡಿ ಎದೆಗೆ ಇಳೀತು. ಮೂರನೇ ವರ್ಷಕ್ಕೆ ಹೋದ್ರು. ಆಯಸ್ಸು ಅಷ್ಟೇ ಅಂತ ಊರೆಲ್ಲ ಹೇಳ್ತು, ನಾನೂ ಹ್ಞೂಂ ಅಂದೆ. ರಿಟೈರಾದ ಮೇಲೆ ಹೋದ ತಿಂಗಳು ಹಳೇ ಪುಸ್ತಕನೆಲ್ಲ ನೆಲಕ್ಕೆ ಹರಡ್ಕೊಂಡು ಕೂತೆ. ಕೊಳವೆಯೋರು ನಲವತ್ತೊಂದು ಜನರದ್ದೂ. ಬೇಗ ಹೋದೋರ್ದೆಲ್ಲ ಒಂದು ಕಡೆ, ಈಗಲೂ ಇರೋರ್ದು ಒಂದು ಕಡೆ."

"ಕೊಳವೆ ವ್ಯತ್ಯಾಸ ಇತ್ತಾ?"

"ಕೊಳವೆ ಎಲ್ಲರದ್ದೂ ಒಂದೇ. ಕಂಬ ಬೇರೆ. ಕಂಬ ದಪ್ಪ ಇರೋರಲ್ಲೂ ಮೂರು ಜನ ಹೋಗಿದಾರೆ, ಸುಳ್ಳು ಹೇಳಲ್ಲ. ಆದ್ರೆ ಉಳಿದಿರೋ ಹದಿನೈದು ಜನದಲ್ಲಿ ಹದಿಮೂರು ಜನಕ್ಕೆ ಕಂಬ ದಪ್ಪ. ಕುಂಬಾರರ ಅಜ್ಜನ್ನ ನೆನಪು ಮಾಡ್ಕೊಳ್ಳಿ. ಯಾರೂ ನೋಡದೇ ಇದ್ದಾಗ ಕುರ್ಚಿಯಿಂದ ಇಳಿದು ಮಣ್ಣು ತುಳೀತಿದ್ನಲ್ಲ, ಬೈಸ್ಕೊಂಡು ಬೈಸ್ಕೊಂಡು. ಎಂಬತ್ತೊಂಬತ್ತು ಈಗ."

ಆಮೇಲೆ ನನ್ನ ಸ್ಕ್ಯಾನಿನ ಎರಡು ಫಿಲ್ಮು ಕೇಳಿದರು, ಕೊಳವೆ ಹಾಕುವ ಮೊದಲಿನದು ಮತ್ತು ಮೂರು ತಿಂಗಳ ನಂತರದ್ದು. ನನ್ನನ್ನು ನಡುವಿಗೆ ಅಡ್ಡ ಕೊಯ್ದು ಮೇಲಿನಿಂದ ನೋಡಿದಂತಿದ್ದವು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ಬಣ್ಣ ತಿರುಗುಮುರುಗು, ಕೊಬ್ಬು ಕಪ್ಪು, ಮಾಂಸ ಬೂದಿ. ಇದು ಬೆನ್ಮೂಳೆ. ಪಕ್ಕದಲ್ಲಿ ಎರಡು ಉಂಡೆ ಇದಾವಲ್ಲ, ಅವೇ ನಿಮ್ಮ ಕಂಬ. ಆಗ ಎಷ್ಟಿತ್ತು, ಈಗ ಎಷ್ಟಿದೆ ನೋಡಿ. ನಿಮ್ಮ ಡಾಕ್ಟರು ನಡುವಿನ ಕೊಳವೆ ನೋಡಿ ಫಿಲ್ಮು ಎತ್ತಿಟ್ಟಿದಾರೆ. ಉಳಿದಿದ್ದೆಲ್ಲ ಅದೇ ಫಿಲ್ಮಲ್ಲೇ ಇದೆ, ಯಾರೂ ನೋಡಿಲ್ಲ."

"ತೂಕ ಆರು ಕೆಜಿ ಜಾಸ್ತಿ ಆಗಿದೆಯಲ್ಲ ಟೀಚರೇ" ಎಂದೆ.

"ಬಂದಿರೋದು ಬೆಣ್ಣೆ. ಕಂಬ ಕರಗಿದೆ."

ಆಗ ನನಗೆ ಹೊಳೆದದ್ದು ನನ್ನ ಕಂಬವಲ್ಲ. ಇಪ್ಪತ್ತು ವರ್ಷದ ಖೋವಾ. ಸತ್ತವರ ಹೆಸರುಗಳು ಒಂದೊಂದಾಗಿ ಬಾಯಿಗೆ ಬಂದವು. ಅವರಿಗೆಲ್ಲ ಬಾಣಲೆ ಕೆರೆದು ಕಳಿಸಿದ ಕೈ ಇದು. ಅಳು ಬಂತು, ಮುಚ್ಚಿಡಲಿಲ್ಲ. "ಗುರುಮಲ್ಲಪ್ಪನಿಗೆ ಖೋವಾ ಕಳಿಸಿದೋನು ನಾನೇ ಟೀಚರೇ."

"ಗೊತ್ತು" ಎಂದರು. "ಬಾಯಿಗೆ ಇಟ್ಟೋಳು ನಾನು." ಆಮೇಲೆ ಅವರು ಮೂಗು ಒರೆಸಿಕೊಂಡು, ಹುಡುಗರಿಗೆ ಹೋಂವರ್ಕ್ ಕೊಡುವ ದನಿಯಲ್ಲಿ, "ಮದುವೆ ಬೇಕಾ? ಹಾಗಾದ್ರೆ ಕುರ್ಚಿಯಿಂದ ಏಳಿ" ಎಂದರು.

ಅವರು ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಕುರ್ಚಿ ವರ್ಷದ ನಡುವೆ ಎದ್ದವರು ಯಾರೂ ಇರಲಿಲ್ಲ. ಕುಂಬಾರರ ಅಜ್ಜನೂ ಕದ್ದು ಇಳಿದವನು. ಎದ್ದರೆ ಊರಿಗೆ ಅವಮಾನ, ಹೊತ್ತವರಿಗೆ ಅವಮಾನ. ಟೀಚರ್ ಹೇಳಿದ್ದು ಸುಳ್ಳಾಗಿ ಕೊಳವೆ ಜಾರಿಬಿಟ್ಟರೆ? ಡಾಕ್ಟರು ನಡೆಯಿರಿ ಎಂದಿದ್ದರು ನಿಜ. ಆದರೆ ಡಾಕ್ಟರು ದೂರದಲ್ಲಿದ್ದರು, ಮುದ್ದಯ್ಯ ಹತ್ತಿರದಲ್ಲಿದ್ದ. ಆರು ದಿನ ಯೋಚಿಸಿದೆ. ಏಳನೆಯ ದಿನ ಮಂಗಳವಾರ.

ಮೂರು ಗಂಟೆ ಹೊಡೆಯಿತು. ಚೌಕ ತುಂಬಿತ್ತು. ಚರ್ಮಗಳು ತಿಳಿಯಾದವು, ಗಂಡಸರೆಲ್ಲರ ಗುಂಡಿಗೆಗಳೂ ಕಂಡವು. ಮುದ್ದಯ್ಯ "ಜರುಗಿಲ್ಲ ಕಣ್ರಪ್ಪೋ" ಎನ್ನಲು ಬಾಯಿ ತೆರೆದಿದ್ದ, ನಾನು ಸಿಂಹಗಳ ತಲೆ ಒತ್ತಿ ಎದ್ದು ನಿಂತೆ. ಎದುರಿಗಿದ್ದ ಇನ್ನೂರು ಗುಂಡಿಗೆಗಳು ಒಂದು ಬಡಿತ ತಪ್ಪಿಸಿದ್ದನ್ನು ನಾನು ಕಣ್ಣಾರೆ ಕಂಡೆ.

"ಅಣ್ಣೋ! ಕೂತ್ಕೋ! ಜಾರುತ್ತೆ, ಜಾರುತ್ತೆ!"

"ಜಾರಲಿ ಬಿಡೋ!" ಎಂದು ಹೇಳಿ ಹೆಜ್ಜೆ ಹಾಕಿದೆ.

ದೊಡ್ಡ ಕುರ್ಚಿಗೆ ಒಂದು ನಿಯಮವಿದೆ. ಅದನ್ನು ಹಿಂದಿನಿಂದ ತಂದು ಯಾರನ್ನೂ ಕೆಡವಿ ಕೂರಿಸುವಂತಿಲ್ಲ. ಮುಂದೆ ತಂದಿಟ್ಟು, ಕೈ ಮುಗಿದು, "ಬನ್ನಿ, ಕೂತ್ಕೊಳ್ಳಿ" ಎನ್ನಬೇಕು; ಕೂರುವವನು ತಾನಾಗಿ ಕೂರಬೇಕು. ಆ ದಿನ ನನ್ನನ್ನು ಕಾಪಾಡಿದ್ದು ಆ ನಿಯಮ. ನಾಲ್ಕು ಜನ ಕುರ್ಚಿ ಹೊತ್ತು ನನ್ನ ಮುಂದಕ್ಕೆ ಓಡುವುದು, ಧಪ್ಪನೆ ಇಳಿಸುವುದು, ಏದುಸಿರು ಬಿಡುತ್ತಾ ಕೈ ಮುಗಿಯುವುದು. ನಾನು ಪಕ್ಕಕ್ಕೆ ಸರಿದು ಮುಂದೆ ಹೋಗುವುದು. ಮತ್ತೆ ಎತ್ತುವುದು, ಮತ್ತೆ ಓಡುವುದು, ಮತ್ತೆ ಇಳಿಸುವುದು. "ಬನ್ನಿ, ಕೂತ್ಕೊಳ್ಳಿ!" "ಒಲ್ಲೆ!" ಬಳೆ ಅಂಗಡಿಯ ಮುಂದೆ ಒಂದು ಸಲ. ಹಿಟ್ಟಿನ ಗಿರಣಿಯ ಮುಂದೆ ಎರಡು ಸಲ. ಗಿರಣಿಯವನು ಮೆಷಿನ್ ನಿಲ್ಲಿಸಿ ಬಂದ, ಹಿಟ್ಟು ಮೆತ್ತಿದ ಗಾಜಿನ ಮನುಷ್ಯ. ಹಿಂದಿನಿಂದ ಇಡೀ ಊರು ಬರುತ್ತಿತ್ತು. ತಿರುಗಿ ನೋಡಿದರೆ ಬೀದಿಯ ತುಂಬ ಕೆಂಪು ಗುಂಡಿಗೆಗಳು ಕುಣಿಯುತ್ತಿದ್ದವು, ಶ್ವಾಸಕೋಶಗಳು ಉಬ್ಬಿ ಇಳಿಯುತ್ತಿದ್ದವು. ನನಗೆ ನಗು ಬಂತು. ನಗುವಾಗ ನನ್ನ ಕರುಳೂ ಕುಲುಕಿತು. ಅದನ್ನು ನೋಡಿ ಹಿಂದಿನವರೂ ನಕ್ಕರು, ಅವರ ಕರುಳುಗಳೂ ಕುಲುಕಿದವು. ನಾನು ಓಡಿದೆ ಎಂದು ಈಗಲೂ ಹೇಳುತ್ತೇನೆ. ನೋಡಿದವರು ಆಮೆ ಇದಕ್ಕಿಂತ ವಾಸಿ ಎನ್ನುತ್ತಾರೆ. ಅವರ ಮಾತು ಕಟ್ಟಿಕೊಂಡು ನನಗೇನು!

ಕೆರೆಯ ಮೆಟ್ಟಿಲ ಹತ್ತಿರ ಕುರ್ಚಿ ಏಳನೆಯ ಸಲ ಇಳಿಯಿತು. ಮುದ್ದಯ್ಯ ಕೈ ಮುಗಿಯಲು ಹೋದ, ಉಸಿರು ಸಾಲಲಿಲ್ಲ. ತಾನೇ ಕುಸಿದು ಕುರ್ಚಿಯಲ್ಲಿ ಕೂತುಬಿಟ್ಟ. ನಾನು ಅವನ ಎದುರಿಗೆ ಸಿಂಹದ ತಲೆ ಹಿಡಿದು ನಿಂತೆ, ಕಾಲು ಇನ್ನೊಂದು ಹೆಜ್ಜೆಗೂ ಬರುವಂತಿರಲಿಲ್ಲ. "ನೋಡೋ ಮುದ್ದಯ್ಯ, ನಿನ್ನ ಕಣ್ಣಿಗಿಂತ ಒಳ್ಳೆ ಸ್ಕ್ಯಾನ್ ಇಲ್ಲ. ನೋಡಿ ಹೇಳು."

ಅವನು ಬಗ್ಗಿ ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ. ಊರು ಉಸಿರು ಬಿಗಿಹಿಡಿಯಿತು, ಬಿಗಿಹಿಡಿದದ್ದು ಕಾಣುತ್ತಿತ್ತು. "ಜರುಗಿಲ್ಲ" ಎಂದ, ತನಗೇ ಹೇಳಿಕೊಳ್ಳುವವನ ಹಾಗೆ. "ಅಯ್ಯೋ, ಒಂದು ಕೂದಲೆಳೆನೂ ಜರುಗಿಲ್ವಲ್ರೋ!" ಅಲ್ಲೇ ಮೂರೂಕಾಲು ಆಯಿತು. ಚರ್ಮ ಬಂತು. ಗುಂಪಿನ ಹಿಂದೆ ಬೂದುಬಣ್ಣದ ಮಫ್ಲರೊಂದು ನಗುತ್ತಿತ್ತು.

ಆಮೇಲಿನ ಏಳು ತಿಂಗಳು ಸರ್ವಮಂಗಳ ಟೀಚರ್ ನನ್ನನ್ನು ಗೋಳು ಹೊಯ್ದುಕೊಂಡರು. ಮೊದಲು ಕುರ್ಚಿಯಿಂದ ಎದ್ದು ಕೂರುವುದು, ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ, ಕೈ ಊರುವಂತಿಲ್ಲ. ನಾಲ್ಕನೆಯದಕ್ಕೆ ಅಯ್ಯಪ್ಪಾ ಎನ್ನುತ್ತಿದ್ದೆ. ಆಮೇಲೆ ಕೆರೆಯವರೆಗೆ ನಡಿಗೆ, ಆಮೇಲೆ ಕೆರೆಯ ಸುತ್ತ. ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡ ಮೇಲೆ ಸೌಟಿಗೆ ಕೈ ಹಾಕಿದೆ. ಹತ್ತು ವರ್ಷದಿಂದ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುವವನಾಗಿದ್ದೆ. ಈಗ ನಾನೇ ನಿಂತು ಕೊಪ್ಪರಿಗೆ ತಿರುವಿದೆ, ನಾನೇ ಒರಳಲ್ಲಿ ರುಬ್ಬಿದೆ. ಖೋವಾ ಹೋಯಿತು; ಮೊಳಕೆ ಹುರುಳಿ ಸಾರು, ಕಡಲೆಕಾಳು, ಗಟ್ಟಿ ಮೊಸರು ಬಂತು. ಊಟದ ಹೊಸ ಪಟ್ಟಿ ಬರೆದು ಛತ್ರದ ಗೋಡೆಗೆ ಅಂಟಿಸಿದೆ, ಹಳೆಯದನ್ನು ಒಲೆಗೆ ಹಾಕಿದೆ. ಮುದ್ದಯ್ಯ ದೊಡ್ಡ ಕುರ್ಚಿಯ ಬೊಂಬು ಬಿಚ್ಚಿ ಅದನ್ನು ಚೌಕದಲ್ಲಿ ಶಾಶ್ವತವಾಗಿ ಇರಿಸಿದ. ಕೊಳವೆಯವರು ಈಗ ಅಲ್ಲಿಗೆ ನಡೆದು ಬಂದು, ಕೂತು, ಏಳುತ್ತಾರೆ. ಜನ ಎಣಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ.

ವರ್ಷದ ಸ್ಕ್ಯಾನಿಗೆ ಟೀಚರ್ ನನ್ನ ಜೊತೆ ಬಂದರು. ಡಾಕ್ಟರು ಪರದೆ ನೋಡಿ ಕೊಳವೆ ಚೆನ್ನಾಗಿದೆ ಎಂದು ಏಳಲು ಹೊರಟರು.

"ಅದಲ್ಲ ಡಾಕ್ಟ್ರೇ. ಅದರ ಹಿಂದೆ ಎರಡು ಉಂಡೆ ಇದಾವಲ್ಲ, ಅವನ್ನ ನೋಡಿ."

ಡಾಕ್ಟರು ಕೂತರು. ಮೌಸಿನಿಂದ ಆ ಉಂಡೆಗಳ ಸುತ್ತ ಗೆರೆ ಎಳೆದರು, ಹಳೆಯ ಸ್ಕ್ಯಾನುಗಳನ್ನು ತೆಗೆದು ಅವಕ್ಕೂ ಗೆರೆ ಎಳೆದರು. ಅವರ ಹುಬ್ಬು ಮೇಲೇರಿತು. "ಕರಗಿದ್ದು ವಾಪಸ್ ಬಂದಿದೆಯಲ್ಲ! ಇದನ್ನ ಅಳತೆ ಮಾಡೋರು ಇದ್ದಾರಮ್ಮ. ನಾವು ಇಲ್ಲಿ ಮಾಡ್ತಿರಲಿಲ್ಲ. ನಿಮಗೆ ಹೇಗೆ ಗೊತ್ತು?"

"ಡ್ರಾಯಿಂಗ್ ಟೀಚರ್ ನಾನು. ಇಷ್ಟಿದ್ರೆ ಹತ್ತು ವರ್ಷ ಗ್ಯಾರಂಟಿನಾ ಹೇಳಿ."

"ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲಮ್ಮ. ಮಾಂಸ ಚೆನ್ನಾಗಿರೋರು ಹೆಚ್ಚು ಕಾಲ ಇರೋದು ಕಂಡುಬಂದಿದೆ. ಅಷ್ಟೇ ಹೇಳಬಹುದು."

ಟೀಚರ್ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತರು. ನನಗೆ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಹತ್ತು ವರ್ಷ. ಸಿಕ್ಕಿದ್ದು ಒಂದು ಒಳ್ಳೆಯ ಸಾಧ್ಯತೆ. ಅದಕ್ಕೆ ಒಬ್ಬರು ಎರಡನೆಯ ಸಲ ತಾಳಿ ಕಟ್ಟಿಸಿಕೊಳ್ಳುತ್ತಾರಾ? ನಾನು ಬಾಸಿಂಗದ ಆಸೆ ಬಿಟ್ಟೆ. ಬಿಟ್ಟೆ ಎಂದುಕೊಂಡೆ, ಅಷ್ಟೆ.

ಮುಂದಿನ ಮಂಗಳವಾರ ಎರಡೂ ಐವತ್ತಕ್ಕೆ ಅವರು ನನ್ನ ಮನೆಗೆ ಬಂದರು. ನಾನು ಅಡುಗೆಮನೆಯಲ್ಲಿ ಹುರುಳಿ ಬಸಿಯುತ್ತಿದ್ದೆ. "ಬೆನ್ನು ತಿರುಗಿಸಲಾ?" ಎಂದು ಕೇಳಿದೆ.

"ಬೇಡ. ನಿಮ್ಮದು ನೋಡಿ ಆಯ್ತು."

"ಹಾಗಾದ್ರೆ ನಿಮ್ಮದು ತೋರಿಸಿ" ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಧೈರ್ಯ. "ನಲವತ್ತು ವರ್ಷ ಊರೆಲ್ಲರದ್ದೂ ನೋಡಿದೀರಿ. ನಿಮ್ಮದನ್ನ ಯಾರಾದ್ರೂ ನೋಡಿದಾರಾ?"

ಅವರು ಗೋಡೆಯ ಗಡಿಯಾರ ನೋಡಿದರು. ಮೂರು ಹೊಡೆಯಿತು. ಮಫ್ಲರಿನ ಒಂದು ಸುತ್ತು ಬಿಚ್ಚಿದರು, ಇನ್ನೊಂದು ಸುತ್ತು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಅವರ ಕುತ್ತಿಗೆಯ ನಾಳ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಹುರುಳಿಯ ಪಾತ್ರೆ ಕೈಯಿಂದ ಬಿತ್ತು. ಅಷ್ಟು ಮಂಗಳವಾರ, ನನ್ನ ಬೆನ್ನ ಹಿಂದೆ, ಆ ಮಫ್ಲರಿನೊಳಗೆ ಇದು ಹೀಗೆ ಕುಣಿಯುತ್ತಿತ್ತು!

ಆಮೇಲೆ ಅವರು ತಿರುಗಿ ನಿಂತು ನಡುವಿನ ಸೆರಗನ್ನು ಸ್ವಲ್ಪ ಸರಿಸಿ, "ಈಗ ನೋಡಿ ಹೇಳಿ" ಎಂದರು. ಬಗ್ಗಿ ನೋಡಿದೆ. ಬೆನ್ನುಮೂಳೆಯ ಎರಡು ಪಕ್ಕಕ್ಕೆ ಎರಡು ಊದುಬತ್ತಿ. ನಲವತ್ತು ವರ್ಷ ಕೂತು ಬರೆದವರ ಬೆನ್ನು ಅದು. ಗುರುಮಲ್ಲಪ್ಪನ ಕೊನೆಯ ಪುಟವೇ ಎದುರಿಗಿದ್ದಂತಿತ್ತು.

"ಹೇಗಿದೆ?"

ನನಗೆ ಸುಳ್ಳು ಹೇಳಬೇಕೆನಿಸಿತು. ನನ್ನ ಕುತ್ತಿಗೆಗೆ ಮಫ್ಲರು ಇರಲಿಲ್ಲ. "ಊದುಬತ್ತಿ ಟೀಚರೇ" ಎಂದೆ.

ಅವರು ಸರ್ರನೆ ತಿರುಗಿದರು. "ನನ್ನದಾ?" ಒಂದು ಗಳಿಗೆ ದಿಗಿಲು, ಆಮೇಲೆ ನಗು, ಕಣ್ಣಲ್ಲಿ ನೀರು ಬರುವಷ್ಟು ನಗು. "ಅಯ್ಯೋ ನನ್ನ ಬಾಳೇ! ನಿಮ್ಮಿಂದ ಹತ್ತು ವರ್ಷ ಕೇಳ್ತಾ ಕೂತಿದ್ದೆನಲ್ರೀ!"

"ಕೂತಿದ್ದೇ ತಪ್ಪು" ಎಂದೆ. ನನಗೂ ಆಗ ನಗು, ಭಯ, ಪ್ರೀತಿ ಎಲ್ಲ ಒಟ್ಟಿಗೆ ಉಕ್ಕುತ್ತಿತ್ತು. ಅಡುಗೆಮನೆಯ ಸ್ಟೂಲು ಎಳೆದು ಅವರ ಮುಂದಿಟ್ಟೆ. "ನನಗೂ ಹತ್ತು ವರ್ಷ ಬೇಕು. ಗ್ಯಾರಂಟಿ ನಾನೂ ಕೇಳಲ್ಲ. ಕೂತ್ಕೊಂಡು ಏಳಿ. ಹತ್ತು ಸಲ. ಕೈ ಊರಬೇಡಿ."

ಅವರು ಕೂತರು, ಎದ್ದರು. ಕೂತರು, ಎದ್ದರು. ನಾಲ್ಕನೆಯದಕ್ಕೆ ಅಯ್ಯಪ್ಪಾ ಎಂದರು. ಐದನೆಯದಕ್ಕೆ ನನ್ನ ಹೆಗಲು ಹಿಡಿದುಕೊಂಡರು. ಕೈ ಊರಬೇಡಿ ಎಂದವನು ನಾನೇ, ಆದರೂ ಆ ಕೈಯನ್ನು ತೆಗೆಯಿರಿ ಎನ್ನುವಷ್ಟು ಮೂರ್ಖ ನಾನಲ್ಲ.

ಮದುವೆಗೆ ನಾನೇ ಅಡುಗೆ ಮಾಡಿದೆ, ಬಾಸಿಂಗ ಕಟ್ಟಿಕೊಂಡೇ ಹುರುಳಿ ಸಾರಿಗೆ ಒಗ್ಗರಣೆ ಹಾಕಿದೆ. ಮುದ್ದಯ್ಯನ ಕಣ್ಣೀರು ಮೊಸರನ್ನಕ್ಕೆ ಬಿತ್ತು. ಮದುವೆಯಾಗಿ, ಹೋದ ಮಂಗಳವಾರಕ್ಕೆ ಸರಿಯಾಗಿ ಹತ್ತು ವರ್ಷ. ನನಗೀಗ ಎಪ್ಪತ್ತನಾಲ್ಕು. ಆ ದಿನ ಮೂರು ಗಂಟೆಗೆ ನಾವಿಬ್ಬರೂ ಚೌಕಕ್ಕೆ ಹೋದೆವು. ಸರ್ವಮಂಗಳ ದೊಡ್ಡ ಕುರ್ಚಿಯಲ್ಲಿ ಕೂತು, ಪುಸ್ತಕದ ಹೊಸ ಪುಟ ಬಿಡಿಸಿ, ನನ್ನ ಕಡೆ ನೋಡಿದರು. "ನಾನು ಕೇಳಿದ್ದು ಮುಗೀತಲ್ರೀ. ಇನ್ನೊಂದು ಹತ್ತು ವರ್ಷ ಕೇಳಲಾ?"

"ಮೊದ್ಲು ಎದ್ದು ತೋರ್ಸಿ, ಆಮೇಲೆ ಮಾತು."

ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಸಿಂಹಗಳನ್ನು ಮುಟ್ಟದೆ, ಅವರು ಎದ್ದು ನಿಂತರು. ಮಫ್ಲರು ಇರಲಿಲ್ಲ. ಕುತ್ತಿಗೆಯ ನಾಳ ಆವತ್ತಿನ ಹಾಗೆಯೇ ಕುಣಿಯುತ್ತಿತ್ತು.